ಕತ್ತರಿಗೊಂದು ಒರೆ

ಮೂವತ್ತು ವರ್ಷ ಶಾಲೆಯಲ್ಲಿ ಹರಳಯ್ಯನ ಕಥೆ ಹೇಳಿದವಳು ನಾನು. ಕಲ್ಯಾಣದ ಸಮಗಾರ ಹರಳಯ್ಯ, ಅವನ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಹೊಲಿದರೆಂದು ಹೇಳುವಾಗ ಪ್ರತಿ ವರ್ಷವೂ ನನ್ನ ಕಣ್ಣು ಒದ್ದೆಯಾಗುತ್ತಿತ್ತು. ಆದರೆ ಚರ್ಮದ ತುಂಡೊಂದನ್ನು ಕೈಯಲ್ಲಿ ಹಿಡಿದು ನೋಡಿದ್ದು ಐವತ್ತನಾಲ್ಕನೆಯ ವಯಸ್ಸಿನಲ್ಲಿ.

ತವರಿನಲ್ಲಿ ಚಪ್ಪಲಿ ಮುಟ್ಟಿದರೆ ಕೈ ತೊಳೆದು ಒಳಗೆ ಬರಬೇಕಿತ್ತು. ಹೊಸ ಜೋಡು ತಂದುಕೊಡುವ ಸಮಗಾರರು ಅಂಗಳದಲ್ಲೇ ನಿಲ್ಲುತ್ತಿದ್ದರು. ಸಂವಿಧಾನದ 17ನೆಯ ವಿಧಿ 1950ರಲ್ಲೇ ಅಸ್ಪೃಶ್ಯತೆಯನ್ನು ತೊಡೆದಿತ್ತು. ನಾನು ಹುಟ್ಟಿ ಬೆಳೆದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಆದರೂ ಅದು ನಮ್ಮ ಅಂಗಳ ದಾಟಿರಲಿಲ್ಲ, ನನಗದು ತಪ್ಪೆನಿಸಿಯೂ ಇರಲಿಲ್ಲ.

ಕಲಿಯಲು ಸಿಕ್ಕ ನೆಪ ಸಣ್ಣದು. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ನನ್ನ ಕೈಚೀಲವನ್ನು ಹರಿಯುತ್ತಿತ್ತು. ಧಾರವಾಡದ ನಮ್ಮ ಓಣಿಯ ತುದಿಯಲ್ಲಿ ಅಥಣಿ ಕಡೆಯ ಒಬ್ಬ ಹಿರಿಯರು ಚಪ್ಪಲಿ ಹೊಲಿಯುತ್ತ ಕೂರುತ್ತಾರೆ. ಪೊಲೀಸರ ಪಿಸ್ತೂಲಿಗೂ ಒರೆ ಹೊಲಿದ ಕೈ ಅವರದು. ಒಂದು ಒರೆ ಮಾಡಿಸಲು ಹೋದವಳು, "ಕಾಕಾ, ನನಗ ಕಲಿಸ್ರಿ" ಎಂದುಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕೋರ, ಈ ಕೆಲಸಕ್ಕ ನೀವ್ಯಾಕ ಕೈ ಹಚ್ಚತೀರಿ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಪಿಸ್ತೂಲಿಗಾಗಲಿ ಕತ್ತರಿಗಾಗಲಿ ಒರೆ ಮಾಡುವ ಕ್ರಮ ಒಂದೇ. ಸುಣ್ಣದಲ್ಲಿ ಕೂದಲು ತೆಗೆದು, ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದ ಮಾಡಿದ ಚರ್ಮ ಬೇಕು. ಅದನ್ನು ನೀರಲ್ಲಿ ನೆನೆಸಿ, ವಸ್ತುವಿನ ಸುತ್ತ ಬೆರಳಿನಿಂದ ಒತ್ತಿ ಒಣಗಿಸಿದರೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಮೇಣ ಸವರಿದ ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ಎರಡೂ ಒಂದೇ ತೂತಿನಲ್ಲಿ ಎದುರುಬದುರು ಹಾಯಬೇಕು. ಒಂದು ಕಡೆ ದಾರ ಹರಿದರೂ ಇನ್ನೊಂದು ಕಡೆಯದು ಹಿಡಿದಿರುತ್ತದೆ.

ಒದ್ದೆ ಚರ್ಮಕ್ಕೆ ಕಬ್ಬಿಣ ತಾಗಬಾರದು, ಕತ್ತರಿಗೆ ಪ್ಲಾಸ್ಟಿಕ್ ಸುತ್ತಿರಿ ಎಂದು ಕಾಕಾ ಹೇಳಿದ್ದರು. ನಾನು ಮರೆತೆ. ಬೆಳಿಗ್ಗೆ ನೋಡಿದರೆ ಒರೆಯ ಮೇಲೆ ಕಪ್ಪು ಕಲೆ! ಅಳಲೆಕಾಯಿಯ ಒಗರಿಗೆ ಕಬ್ಬಿಣ ಕೂಡಿದರೆ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಮಸಿ ಮಾಡುತ್ತಿದ್ದುದೂ ಇದೇ ಗುಣದಿಂದ. ಅಕ್ಷರ ಬರೆದ ಮಸಿಗೂ ಅಂಗಳದಲ್ಲಿ ನಿಲ್ಲಿಸಿದ ಚರ್ಮಕ್ಕೂ ಬೇಕಾದದ್ದು ಒಂದೇ ಕಾಯಿ. ಆ ಕಲೆಯನ್ನು ನಾನು ಉಜ್ಜಲು ಹೋಗಲಿಲ್ಲ.

ಹರಳಯ್ಯನಿಗಿಂತ ಹಿರಿಯನಾದ ಮಾದಾರ ಚೆನ್ನಯ್ಯನ ವಚನಗಳ ಅಂಕಿತದಲ್ಲೇ ಉಳಿ, ಕತ್ತಿ, ಅಡಿಗೂಟಗಳ ಹೆಸರಿವೆ. ತರಗತಿಯಲ್ಲಿ ಅವನ್ನು ರೂಪಕವೆಂದು ಹೇಳಿ ಮುಂದೆ ಹೋಗುತ್ತಿದ್ದೆ. ಉಳಿ ಹಿಡಿದು ಅಂಗೈ ಬೊಬ್ಬೆಯೆದ್ದ ಮೇಲೆ ಅವು ದಿನದ ಅನ್ನದ ವಸ್ತುಗಳೆಂದು ಗೊತ್ತಾಯಿತು. ಹರಳಯ್ಯನ ಮಗ ಶೀಲವಂತನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ತಂದುಕೊಂಡದ್ದಕ್ಕೆ ಬಿಜ್ಜಳನ ಕಾಲದಲ್ಲಿ ಇಬ್ಬರು ಬೀಗರಿಗೂ ಘೋರ ಶಿಕ್ಷೆಯಾಯಿತೆಂದು ಶರಣ ಪರಂಪರೆ ಹೇಳುತ್ತದೆ. ಅದು 12ನೆಯ ಶತಮಾನ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡಗಳೂ ಅದರಲ್ಲಿವೆ. ಆ ಚಪ್ಪಲಿಯ ಹೆಣಿಗೆ, ಅಲಂಕಾರಗಳಲ್ಲಿ ಮನೆಯ ಹೆಂಗಸರ ಕೈಯೂ ಇದೆ. ನಾವು ಕೊಳ್ಳುವಾಗ ಯಾರಾದರೂ ಅವರನ್ನು ನೆನೆಯುತ್ತೇವೆಯೇ?

ಈ ವರ್ಷ ಹರಳಯ್ಯನ ಪಾಠದ ದಿನ ಕಲೆ ಬಿದ್ದ ಆ ಒರೆಯನ್ನೇ ತರಗತಿಗೆ ಒಯ್ದೆ. ಮಕ್ಕಳು ಕೈಯಿಂದ ಕೈಗೆ ದಾಟಿಸಿದರು. ಮನೆಯವರ ಕಸುಬು ಕೇಳಿದಾಗಲೆಲ್ಲ ತಲೆ ತಗ್ಗಿಸುತ್ತಿದ್ದ ಹುಡುಗಿಯೊಬ್ಬಳು ಹೊಲಿಗೆಯನ್ನು ಹಿಂದೆ ಮುಂದೆ ತಿರುವಿ ನೋಡಿ ಎದ್ದು ನಿಂತಳು.

"ಅಕ್ಕೋರ, ಹೊಲಿಗಿ ಸಡ್ಲ ಆಗೇತ್ರಿ. ನಮ್ಮಜ್ಜ ಹಿಂಗ ಹೊಲಿಯೂದಿಲ್ಲ."

"ಹೌದವ್ವಾ, ನಾ ಇನ್ನೂ ಕಲಿಯಾಕತ್ತೀನಿ" ಎಂದೆ.