ಕಾರಿನ ಬಣ್ಣದ ಮೇಲಿನ ಗೀರು ಹೋಗೋದು ಎಲ್ಲಿಗೆ?

ಕೆಲಸಕ್ಕೆ ಅಂತ ಆಂಧ್ರದ ಕಡೆ ಬಂದ ನಮ್ಮವರಲ್ಲಿ ಬಹಳ ಜನರ ಮೊದಲ ಕಾರು ಸೆಕೆಂಡ್ ಹ್ಯಾಂಡ್. ಮಾರುವವರು "ಉಜ್ಜಿ ಪಾಲಿಶ್ ಮಾಡಿಸಿದೀವಿ, ಒಂದು ಗೀರೂ ಇಲ್ಲ" ಅಂತಾರೆ. ಇಂಜಿನಿಯರ್ ಬುದ್ಧಿ ನೋಡಿ, ನನಗೆ ಕಾಡೋ ಪ್ರಶ್ನೆ ಒಂದೇ: ಆ ಗೀರು ಎಲ್ಲಿಗೆ ಹೋಯ್ತು?

ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗೋಣ. ವಿಶಾಖಪಟ್ಟಣದಿಂದ ವಿಜಯವಾಡದ ಕಡೆ ಹೊರಟರೆ ಸುಮಾರು 65 ಕಿ.ಮೀ. ದೂರದಲ್ಲಿ, ವರಾಹ ನದಿಯ ದಡದಲ್ಲಿ ಏಟಿಕೊಪ್ಪಾಕ ಅನ್ನೋ ಊರಿದೆ. ನಮ್ಮ ಚನ್ನಪಟ್ಟಣದ ಹಾಗೇ ಅರಗಿನ ಬೊಂಬೆಗಳ ಊರು. 2017ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೆ ಅರಗು ಕರಗಿ, ಸಣ್ಣ ಸಣ್ಣ ಗೀರುಗಳನ್ನು ತುಂಬಿಕೊಳ್ಳುತ್ತೆ. ಅಂದ್ರೆ ಇಲ್ಲಿ ಗೀರು ಮುಚ್ಚಿಹೋಗುತ್ತೆ.

ಕಾರಿನ ಬಣ್ಣದ ದಾರಿ ಬೇರೆ. ಶುರುವಿನಲ್ಲಿ ಬ್ರಶ್‌ನಿಂದ ವಾರ್ನಿಶ್ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿಯುತ್ತಿದ್ದರು. ಒಂದು ಕಾರಿಗೆ ವಾರಗಟ್ಟಲೆ ಬೇಕಾಗ್ತಿತ್ತು. ಒಣ ಕಾಗದದಲ್ಲಿ ಉಜ್ಜಿದರೆ ಎದ್ದ ಧೂಳು ನೇರ ಕೆಲಸಗಾರರ ಎದೆಗೆ. 1921ರಲ್ಲಿ ಅಮೆರಿಕದ 3ಎಂ ಕಂಪನಿ ನೀರಿನಲ್ಲಿ ನೆನೆದರೂ ಹಾಳಾಗದ ಕಾಗದ ತಂದಿತು. ಅದನ್ನು ಕಂಡುಹಿಡಿದವರು ಫಿಲಡೆಲ್ಫಿಯಾದ ಶಾಯಿ ತಯಾರಕ ಫ್ರಾನ್ಸಿಸ್ ಓಕಿ. ನಮ್ಮ ಪೇಂಟರ್‌ಗಳು 'ವಾಟರ್ ಪೇಪರ್' ಅನ್ನೋದು ಇದರ ವಂಶವನ್ನೇ. ಧೂಳು ನೀರಲ್ಲೇ ಕೂತಿತು, ಗೀರೂ ನಯವಾಯಿತು. ಅದಾದ ಮೇಲೆ ಡ್ಯೂಪಾಂಟ್‌ನ ಡ್ಯೂಕೋ ಬಣ್ಣ ಬಂತು. 1924ರ ಓಕ್‌ಲ್ಯಾಂಡ್ ಕಾರುಗಳಿಗೆ ಅದನ್ನು ಸ್ಪ್ರೇ ಮಾಡಿದರು. ಒಣಗೋಕೆ ವಾರಗಳು ಬೇಕಿರಲಿಲ್ಲ, ಆದರೆ ಹೊಳಪು ಬರಬೇಕಾದರೆ ಉಜ್ಜಲೇಬೇಕಿತ್ತು.

ಈಗಿನ ಕ್ಲಿಯರ್ ಕೋಟ್ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತೆ. ಅರಗಿನ ಹಾಗೆ ಮತ್ತೆ ಕರಗಿ ಹರಿಯೋದಿಲ್ಲ. ಹಾಗಾಗಿ ಗೀರು ಹೋಗೋಕೆ ಒಂದೇ ದಾರಿ: ಅದರ ಸುತ್ತಲಿನ ಮೇಲ್ಮೈಯನ್ನು ಗೀರಿನ ತಳದವರೆಗೆ ಇಳಿಸೋದು.

1960ರ ದಶಕದಲ್ಲಿ ಶುರುವಾದ ವಿಜಯವಾಡದ ಜವಾಹರ್ ಆಟೋ ನಗರ ಇರಲಿ, ವಿಶಾಖಪಟ್ಟಣದ ಗಾಜುವಾಕ ಆಟೋ ನಗರ ಇರಲಿ, ಸರಿಯಾದ ಕೆಲಸದ ಲೆಕ್ಕ ಒಂದೇ. 1500 ನಂಬರ್ ಕಾಗದದ ಗೀರನ್ನು 2000 ತೆಗೀಬೇಕು, 2000ದ್ದನ್ನು 3000. ಪ್ರತಿ ಸಲ ದಿಕ್ಕು ಬದಲಿಸಿ ಅಡ್ಡಡ್ಡ ಉಜ್ಜಿದರೆ ಹಿಂದಿನ ಗೀರು ಉಳಿದಿದೆಯಾ ಅಂತ ಕಣ್ಣಿಗೇ ಕಾಣುತ್ತೆ. ಆಮೇಲೆ ಕಾಂಪೌಂಡ್, ಕೊನೆಗೆ ನಯವಾದ ಪಾಲಿಶ್. ಮಧ್ಯದ ಒಂದು ಮೆಟ್ಟಿಲು ಹಾರಿದರೆ ಹೊಳಪೇನೋ ಬರುತ್ತೆ, ಬಿಸಿಲಿಗೆ ತಂದಾಗ ಆಳದ ಗೀರು ಮತ್ತೆ ಕಾಣುತ್ತೆ.

ಕ್ಲಿಯರ್ ಕೋಟ್ ಇರೋದೇ ಸುಮಾರು 40–50 ಮೈಕ್ರಾನ್, ಅಂದ್ರೆ ತಲೆಕೂದಲಿಗಿಂತ ತೆಳು. ಬಿಸಿಲಿನಿಂದ ಬಣ್ಣ ಕಾಯೋದೂ ಅದೇ. ಪ್ರತಿ ಉಜ್ಜಾಟಕ್ಕೂ ಅದು ಕರಗೋ ಉಳಿತಾಯ ಖಾತೆ; ವಾಪಸ್ ಜಮೆ ಆಗಲ್ಲ. ಇನ್ನು ಕೆಲವು ಪಾಲಿಶ್‌ಗಳು ಮೇಣ, ಎಣ್ಣೆ ತುಂಬಿ ಗೀರನ್ನು ಮುಚ್ಚುತ್ತವೆ. ಇದು ಏಟಿಕೊಪ್ಪಾಕದ ಉಪಾಯವೇ, ಆದರೆ ನಾಲ್ಕು ಸಲ ತೊಳೆದರೆ ಬಣ್ಣ ಬಯಲು.

ಅದಕ್ಕೇ ಹಳೇ ಕಾರು ನೋಡೋಕೆ ಹೋದಾಗ ಮಟಮಟ ಮಧ್ಯಾಹ್ನ ಹೋಗಿ. ಬಾನೆಟ್, ಬಾಗಿಲು, ರೂಫ್ ಎಲ್ಲ ಕಡೆ ಪೇಂಟ್ ಮೀಟರ್ ಇಟ್ಟು ಹೋಲಿಸಿ. ಹೊಳಪು ಎಷ್ಟಿದೆ ಅಂತ ಎಲ್ಲರಿಗೂ ಕಾಣುತ್ತೆ. ಅದಕ್ಕೆ ಎಷ್ಟು ಪದರ ಖರ್ಚಾಗಿದೆ ಅನ್ನೋದನ್ನು ನೀವೇ ಕೇಳಬೇಕು.