ದಾನದ ಓದು, ತೆರೆದ ಓದು

ಬ್ಯಾಂಕಿನ ಗುಮಾಸ್ತನಿಗೆ ವಿಜ್ಞಾನ ಪತ್ರಿಕೆಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ಕೆಲವು ವರ್ಷಗಳ ಕೆಳಗೆ, ನಮ್ಮ ತಾಯಿಯವರಿಗೆ ಬಂದ ಕಾಯಿಲೆಯ ವಿಷಯವಾಗಿ ಒಂದು ಲೇಖನವನ್ನು ಓದಬೇಕೆಂದು ಕಂಪ್ಯೂಟರಿನ ಮುಂದೆ ಕುಳಿತೆ. ಸಾರಾಂಶವಷ್ಟೇ ಕಂಡಿತು, ಉಳಿದುದಕ್ಕೆ ಮೂವತ್ತು ಚಿಲ್ಲರೆ ಡಾಲರು ಕಟ್ಟಬೇಕೆಂದಿತು. ರೂಪಾಯಿಯ ಲೆಕ್ಕ ಹಾಕಿ ಎದ್ದುಬಿಟ್ಟೆ. ಇಂತಹ ಬಾಗಿಲುಗಳನ್ನು ಬಡದೇಶಗಳಿಗೆ ತೆರೆಯಲು ಯತ್ನಿಸಿದವರ ಚರಿತ್ರೆಯನ್ನು ಹುಡುಕತೊಡಗಿದ್ದು ಅಂದಿನಿಂದ.

2002ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆರು ದೊಡ್ಡ ಪ್ರಕಾಶಕರನ್ನು ಒಪ್ಪಿಸಿ ‘ಹಿನಾರಿ’ ಎಂಬ ಯೋಜನೆಯನ್ನು ಆರಂಭಿಸಿತು. ತಲಾ ವಾರ್ಷಿಕ ಉತ್ಪನ್ನವು ಸಾವಿರ ಡಾಲರಿಗಿಂತ ಕಡಿಮೆಯಿರುವ ದೇಶಗಳ ವೈದ್ಯಕೀಯ ಸಂಸ್ಥೆಗಳು ಸುಮಾರು 1,500 ಪತ್ರಿಕೆಗಳನ್ನು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಓದಬಹುದಾಯಿತು. ಇದು ಸಣ್ಣ ಉಪಕಾರವಲ್ಲ. ಆದರೆ ಆಗ ಆ ಗೆರೆಯ ಕೆಳಗೇ ಇದ್ದ ಭಾರತಕ್ಕೆ ಇದರಲ್ಲಿ ಪ್ರವೇಶವಿರಲಿಲ್ಲ. ಇಲ್ಲಿ ಪ್ರಕಾಶಕರಿಗೆ ಚಂದಾದಾರರಿದ್ದರು! ಗಿರಾಕಿ ಇರುವ ಊರಿನಲ್ಲಿ ಅನ್ನಛತ್ರ ತೆರೆಯುವ ವ್ಯಾಪಾರಿ ಎಲ್ಲಿದ್ದಾನು?

ಬಾಂಗ್ಲಾದೇಶವು ಯೋಜನೆಯ ಒಳಗಿತ್ತು. ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದೆನ್ನುತ್ತಾರೆ. ಕೊಟ್ಟವನೇ ಬಂದು ಹಗ್ಗ ಹಿಡಿದರೆ? 2011ರ ಜನವರಿಯಲ್ಲಿ ಕೆಲವು ಪ್ರಕಾಶಕರು ಅಲ್ಲಿಂದ ಸುಮಾರು 2,500 ಪತ್ರಿಕೆಗಳನ್ನು ಹಿಂತೆಗೆದುಕೊಂಡರು. ಢಾಕಾದಿಂದ ಹೊರಟ ದೂರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ಒಡೆತನವು ಹಿಂತೆಗೆದುಕೊಂಡವರಲ್ಲೊಬ್ಬರಾದ ಎಲ್ಸೆವಿಯರ್ ಸಂಸ್ಥೆಯದೇ ಎಂಬುದು ಸ್ವಾರಸ್ಯ. ಕೂಗೆದ್ದಿತು, ಕೆಲವು ವಾರಗಳಲ್ಲಿ ಬಾಗಿಲು ಪುನಃ ತೆರೆಯಿತು. ನಮ್ಮ ಲೆಡ್ಜರಿನ ಭಾಷೆಯಲ್ಲಿ ಹೇಳುವುದಾದರೆ, ಅವರ ಬಳಿ ಇದ್ದುದು ಸ್ವಂತ ಠೇವಣಿಯಲ್ಲ, ಕೇಳಿದೊಡನೆ ಹಿಂತಿರುಗಿಸಬೇಕಾದ ಸಾಲ.

ಬ್ರೆಜಿಲಿನವರು ಸಾಲಕ್ಕೆ ಕೈಯೊಡ್ಡಲಿಲ್ಲ. 1997ರಲ್ಲಿ, ಸಾವೊ ಪಾಲೊ ರಾಜ್ಯದ ಸಂಶೋಧನಾ ನಿಧಿಯ ನೆರವಿನಿಂದ, ತಮ್ಮದೇ ಹತ್ತು ಪತ್ರಿಕೆಗಳನ್ನಿಟ್ಟುಕೊಂಡು ‘ಸಿಯೆಲೊ’ ಎಂಬ ಪ್ರಯೋಗಕ್ಕೆ ಕೈಹಾಕಿದರು. ಮರುವರ್ಷ ಚಿಲಿಯೂ ಸೇರಿತು. ಬಳಿಕ ಲ್ಯಾಟಿನ್ ಅಮೆರಿಕದ ಇತರ ದೇಶಗಳೂ ಬಂದವು. ‘ಮುಕ್ತ ಪ್ರವೇಶ’ ಎಂಬ ಮಾತಿಗೆ ಬುಡಾಪೆಸ್ಟ್ ಘೋಷಣೆಯು ಅರ್ಥ ಕಟ್ಟಿದ್ದು 2002ರ ಫೆಬ್ರವರಿಯಲ್ಲಿ; ಇವರು ಅಷ್ಟರಲ್ಲಾಗಲೇ ಅದನ್ನು ನಡೆಸಿ ತೋರಿಸಿದ್ದರು. ಅಲ್ಲಿ ಇಂಗ್ಲಿಷಿನೊಡನೆ ಪೋರ್ಚುಗೀಸ್, ಸ್ಪ್ಯಾನಿಷ್ ಭಾಷೆಗಳಲ್ಲಿಯೂ ಸಂಶೋಧನೆ ಪ್ರಕಟವಾಗುತ್ತದೆ. ಪರಸ್ಥಳದಲ್ಲಿ ಕುಳಿತು ಕನ್ನಡದ ಹಬ್ಬ ಮಾಡುವ ನಮಗೆ ಇದು ತುಸು ಹೊಟ್ಟೆಕಿಚ್ಚು ಹುಟ್ಟಿಸಬೇಕಾದ ಸಂಗತಿ.

ನಮ್ಮಲ್ಲಿಯೂ ಬುತ್ತಿ ಇಲ್ಲದಿಲ್ಲ. ಸಿ. ವಿ. ರಾಮನ್ನರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಗಳ ಹಳೆಯ ಸಂಪುಟಗಳನ್ನು ಯಾರಾದರೂ ಹಣ ಕೊಡದೆ ಓದಬಹುದು. ಆದರೆ 2024ರ ನವೆಂಬರಿನಲ್ಲಿ ಕೇಂದ್ರ ಸರಕಾರವು ಮಂಜೂರು ಮಾಡಿದ್ದು ಬೇರೆ ಬಗೆಯದು: ‘ಒಂದು ರಾಷ್ಟ್ರ ಒಂದು ಚಂದಾ’. ಮೂವತ್ತು ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. 2025ರಿಂದ 2027ರವರೆಗಿನ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಅನೇಕ ಸಣ್ಣ ಊರುಗಳ ಕಾಲೇಜುಗಳಿಗೆ ಇದರಿಂದ ನಿಜವಾಗಿ ಲಾಭವುಂಟು. ಆದರೂ ಇದು ಬಾಡಿಗೆಯ ಮನೆ. ಅದೂ ಸರಕಾರಿ ವಿದ್ಯಾಸಂಸ್ಥೆ, ಸಂಶೋಧನಾಲಯಗಳಲ್ಲಿರುವವರಿಗೆ ಮಾತ್ರ. ಸರಕಾರಿ ಕಾಲೇಜಿನಲ್ಲಿರುವ ನಮ್ಮ ಅಕ್ಕನ ಮಗನ ಮುಂದೆ ಅಂದು ನಾನು ಹುಡುಕಿದ ಲೇಖನ ಈಗ ತೆರೆದುಕೊಂಡೀತು. ಈ ಗುಮಾಸ್ತನಿಗೆ ಇನ್ನೂ ಮೂವತ್ತು ಚಿಲ್ಲರೆ ಡಾಲರೇ.