ಮುತ್ತು ಕಟ್ಟುವ ಪದ್ಧತಿ ಮತ್ತು ಕಾನೂನು: ದಂಡನೆಯಿಂದ ಹಕ್ಕಿನವರೆಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಹೊಸಪೇಟೆಯೊಂದನ್ನು ಬಿಟ್ಟರೆ ಇಡೀ ವಿಜಯನಗರ ಜಿಲ್ಲೆ ಈ ಐದು ತಾಲ್ಲೂಕುಗಳೇ. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವರಿಗೆ ಸಮರ್ಪಿಸುವ, ಬಸವಿ ಬಿಡುವ ದೇವದಾಸಿ ಪದ್ಧತಿ ಆಳವಾಗಿ ಬೇರೂರಿದ್ದ ನೆಲವಿದು. ಅದಕ್ಕೆ ಬಲಿಯಾದವರಲ್ಲಿ ಬಹುಪಾಲು ದಲಿತ ಹೆಣ್ಣುಮಕ್ಕಳು. ಈ ಪದ್ಧತಿಯನ್ನು ಅಪರಾಧವೆಂದು ಸಾರಲು ಕಾನೂನಿಗೆ ಹೆಚ್ಚು ಕಾಲ ಬೇಕಾಗಲಿಲ್ಲ. ಅದರಿಂದ ನೊಂದ ತಾಯಿ ಮತ್ತು ಮಗುವನ್ನು ಹಕ್ಕುಳ್ಳ ಪ್ರಜೆಗಳೆಂದು ಕಾಣಲು ಮಾತ್ರ ಹಲವು ದಶಕ ಹಿಡಿಯಿತು.

ಮದ್ರಾಸಿನ ಕಾಯ್ದೆ

ಈ ನೆಲವನ್ನು ಒಳಗೊಂಡ ಬಳ್ಳಾರಿ ಸೀಮೆ ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಡಾ. ಮುತ್ತುಲಕ್ಷ್ಮಿ ರೆಡ್ಡಿ 1927ರಲ್ಲಿ ಅಲ್ಲಿನ ಶಾಸನ ಪರಿಷತ್ತಿನಲ್ಲಿ ಈ ಪದ್ಧತಿಯ ವಿರುದ್ಧ ದನಿ ಎತ್ತಿದರು. 1929ರ ತಿದ್ದುಪಡಿಯಿಂದ ದೇವದಾಸಿಯರ ಇನಾಂ ಭೂಮಿ ಗುಡಿಯ ಸೇವೆಯ ಕಟ್ಟುಪಾಡಿನಿಂದ ಬಿಡುಗಡೆಯಾಯಿತು. 1947ರಲ್ಲಿ ಸಮರ್ಪಣೆಯೇ ನಿಷೇಧವಾಯಿತು. 1953ರ ಅಕ್ಟೋಬರ್ 1ರಂದು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ನಿಷೇಧ ಬಂದು ಸುಮಾರು ಆರು ವರ್ಷವಾಗಿತ್ತು. ಆದರೆ ಮದ್ರಾಸಿನ ಸುಧಾರಕರ ಕಣ್ಣಿದ್ದದ್ದು ದೊಡ್ಡ ಗುಡಿಗಳ ಮೇಲೆ. ಇಲ್ಲಿನ ಹೆಚ್ಚಿನ ಬಸವಿಯರಿಗೆ ಇನಾಮೂ ಇರಲಿಲ್ಲ, ಗುಡಿಯ ದಫ್ತರಿನಲ್ಲಿ ಹೆಸರೂ ಇರಲಿಲ್ಲ.

ಬಸವಿ ಬಿಡುವುದಕ್ಕೆ ಆಸ್ತಿಯ ಕಾರಣವೂ ಇತ್ತು. ಗಂಡುಸಂತಾನವಿಲ್ಲದ ಮನೆಯವರು ಮಗಳನ್ನು ಬಸವಿ ಬಿಟ್ಟು, ಅವಳನ್ನು ಮಗನ ಸ್ಥಾನದಲ್ಲಿ ಇರಿಸಿಕೊಳ್ಳುತ್ತಿದ್ದರು. ಕರ್ನಾಟಕದಲ್ಲಿ 1994ರ ಜುಲೈ 30ರಿಂದ, ದೇಶಕ್ಕೆಲ್ಲ 2005ರಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು ದೊರೆಯಿತು. ಈ ಪದ್ಧತಿಯ ಹೆಸರನ್ನೂ ಎತ್ತದ ಆ ತಿದ್ದುಪಡಿಗಳು ಅದರ ಒಂದು ಬೇರನ್ನೇ ಕಡಿದವು.

1982ರ ಕಾಯ್ದೆಯ ಮಿತಿ

ಕರ್ನಾಟಕ ದೇವದಾಸಿ (ಸಮರ್ಪಣಾ ನಿಷೇಧ) ಕಾಯ್ದೆಗೆ ಶಾಸನಸಭೆ 1982ರಲ್ಲಿ ಒಪ್ಪಿಗೆ ಕೊಟ್ಟಿತು. ಅದು 1984ರಲ್ಲಿ ಕಾನೂನಾಯಿತು. ದೇವದಾಸಿಯ ಮದುವೆ ಸಿಂಧು, ಆ ಮದುವೆಯಿಂದ ಹುಟ್ಟಿದ ಮಕ್ಕಳು ನ್ಯಾಯಸಮ್ಮತ ಎಂದು ಅದು ಸಾರಿತು. ಸಮರ್ಪಣೆ ಮಾಡಿದವರಿಗೆ ಮೂರು ವರ್ಷದವರೆಗೆ ಸೆರೆ. ತಂದೆತಾಯಿ, ಪೋಷಕರು ಅಥವಾ ಸಂಬಂಧಿಕರೇ ಆಗಿದ್ದರೆ ಎರಡರಿಂದ ಐದು ವರ್ಷ. ತೊಡಕು ಇಲ್ಲೇ ಇತ್ತು. ದೂರು ಕೊಟ್ಟ ಹುಡುಗಿ ತನ್ನ ಹೆತ್ತವಳನ್ನೇ ಜೈಲಿಗೆ ಕಳಿಸಬೇಕಾಗಿತ್ತು. ಮದುವೆಯೇ ಆಗದ ತಾಯಿಯ ಮಕ್ಕಳಿಗೆ ಆ ಕಾಯ್ದೆಯಿಂದ ಏನೂ ಸಿಗಲಿಲ್ಲ. ಶಿಕ್ಷೆಯ ಭಯಕ್ಕೆ ಮುತ್ತು ಕಟ್ಟುವುದು ಜಾತ್ರೆಯ ಬಯಲಿನಿಂದ ಮನೆಯೊಳಕ್ಕೆ ಸರಿಯಿತು.

1990ರಲ್ಲಿ ವಿಶಾಲ್ ಜೀತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಪದ್ಧತಿಯ ನಿರ್ಮೂಲನಕ್ಕೆ ಸರ್ಕಾರಗಳು ಕ್ರಮ ಕೈಗೊಳ್ಳಬೇಕೆಂದಿತು. 2014ರ ಫೆಬ್ರವರಿಯಲ್ಲಿ, ದಾವಣಗೆರೆ ಜಿಲ್ಲೆಯ ದುರ್ಗಾ ದೇವಾಲಯವೊಂದರಲ್ಲಿ ಸಮರ್ಪಣೆ ನಡೆಯದಂತೆ ತಡೆಯಲು ರಾಜ್ಯದ ಮುಖ್ಯ ಕಾರ್ಯದರ್ಶಿಗೇ ಆದೇಶ ಕೊಟ್ಟಿತು. ಹರಪನಹಳ್ಳಿಯೂ ಆಗ ಅದೇ ಜಿಲ್ಲೆಯಲ್ಲಿತ್ತು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ ಬಂದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಾಗಿ, ಪರಿಶಿಷ್ಟ ಹೆಣ್ಣುಮಕ್ಕಳನ್ನು ದೇವದಾಸಿಯಾಗಿಸುವುದನ್ನು ದೌರ್ಜನ್ಯವೆಂದೇ ಹೆಸರಿಸಿತು. ಮನೆಯ ಮೂಢನಂಬಿಕೆ ಎಂದು ಕಂಡಿದ್ದ ಪದ್ಧತಿಯನ್ನು ಕಾನೂನು ಜಾತಿಯ ಹಿಂಸೆ ಎಂದು ಒಪ್ಪಿಕೊಂಡದ್ದು ಹೀಗೆ.

ತಾಯಿಯ ಹೆಸರು ಸಾಕು

2007–08ರ ಸಮೀಕ್ಷೆಯಲ್ಲಿ ರಾಜ್ಯದಲ್ಲಿ ಲೆಕ್ಕಕ್ಕೆ ಸಿಕ್ಕವರು 46,660 ದೇವದಾಸಿ ಮಹಿಳೆಯರು. ಪಟ್ಟಿಯಲ್ಲಿದ್ದವರಿಗೆ ಮಾಸಾಶನ, ಮನೆ, ಸಾಲ. ಬಿಟ್ಟುಹೋದವರಿಗೆ ಏನೂ ಇರಲಿಲ್ಲ. ಪಟ್ಟಿಗೆ ಸೇರಿಸಿ, ಭೂಮಿ ಕೊಡಿ, ಮಕ್ಕಳಿಗೂ ಪುನರ್ವಸತಿ ಕೊಡಿ ಎಂದು ದೇವದಾಸಿ ಮಹಿಳೆಯರ ವಿಮೋಚನಾ ಸಂಘದಂಥ ಸಂಘಟನೆಗಳಲ್ಲಿ ಕೂಡಿದ ತಾಯಂದಿರು ಕೇಳತೊಡಗಿದರು. ಅವರ ಮಕ್ಕಳು ಎತ್ತಿದ್ದು ಇನ್ನೊಂದು ಪ್ರಶ್ನೆ: ಶಾಲೆಯಿಂದ ಹಿಡಿದು ಎಲ್ಲ ಅರ್ಜಿಗಳಲ್ಲೂ ತಂದೆಯ ಹೆಸರು ಏಕೆ ಬೇಕು?

2015ರಲ್ಲಿ ದೆಹಲಿಯ ಅವಿವಾಹಿತ ತಾಯಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗುವಿನ ತಂದೆ ಯಾರೆಂದು ಹೇಳದೆಯೇ ತಾಯಿ ಪೋಷಕಳಾಗಬಹುದು ಎಂದಿತು. ಮರುವರ್ಷ ಪಾಸ್‌ಪೋರ್ಟ್ ನಿಯಮವೂ ಬದಲಾಗಿ, ಹೆತ್ತವರಲ್ಲಿ ಒಬ್ಬರ ಹೆಸರು ಸಾಕಾಯಿತು. 2018ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಹೊಸ ಮಸೂದೆಯ ಕರಡು ಸಿದ್ಧಪಡಿಸಿತು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ದೇವದಾಸಿ ಪದ್ಧತಿಯ ತಡೆ, ನಿಷೇಧ, ಪರಿಹಾರ ಮತ್ತು ಪುನರ್ವಸತಿ ಮಸೂದೆಗೆ ಒಪ್ಪಿಗೆ ನೀಡಿತು. ತಂದೆಯ ಹೆಸರು ಹೇಳಲೇಬೇಕೆಂಬ ಒತ್ತಾಯ ಬೇಡ, ಬಯಸಿದರೆ ತಂದೆಯನ್ನು ಗುರುತಿಸಿ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕು ಮಗುವಿಗಿರಲಿ ಎಂಬುದು ಅದರ ತಿರುಳು.

ಆ ಪಾಲು ಕೇಳುವುದು ಸುಲಭವಲ್ಲ. ತಂದೆ ಎನಿಸಿದವನು ಹಲವು ಕಡೆ ಅದೇ ಊರಿನ ಮೇಲ್ಜಾತಿಯ ಜಮೀನುದಾರ, ತಾಯಿ ಅವನದೇ ಹೊಲದ ಕೂಲಿಯಾಳು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟರಿಗೆ, ಮಕ್ಕಳಿಗೆ ವಕೀಲರ ನೆರವು ಉಚಿತ. ತಾಲ್ಲೂಕು ನ್ಯಾಯಾಲಯಗಳಲ್ಲಿ ಆ ನೆರವು ಈ ಕುಟುಂಬಗಳನ್ನು ಹುಡುಕಿಕೊಂಡು ಹೋಗಬೇಕು. ಮೊಕದ್ದಮೆ ಹೂಡಿದ ತಾಯಿಯ ಕೂಲಿ ತಪ್ಪದಂತೆ, ಅವಳಿಗೆ ಊರ ಬಹಿಷ್ಕಾರ ತಟ್ಟದಂತೆ ಆಡಳಿತ ಅವಳ ಪಕ್ಕ ನಿಲ್ಲಬೇಕು. ಅಷ್ಟಾಗದಿದ್ದರೆ 1947ರ ಕಾಯ್ದೆಯ ಹಾಗೆ ಈ ಹೊಸ ಹಕ್ಕೂ ಹಳ್ಳಿಯ ಹೊರಗೇ ಉಳಿದೀತು.